ಯಾರ ಹೊಲಕ್ಕೆ ಯಾರು

ಬೆಳಗಿನ ಐದೂವರೆಗೆ ರತ್ನಮಾಲಾ ನಾನೂರು ಹಳ್ಳಿಗಳಲ್ಲಿ ಒಟ್ಟಿಗೇ ಮಾತನಾಡುತ್ತಿದ್ದಳು. ಅದೇ ಹೊತ್ತಿಗೆ ಧಾರವಾಡದ ತನ್ನ ಮನೆಯಲ್ಲಿ ಕೌದಿ ಹೊದ್ದು ಗೊರಕೆಯನ್ನೂ ಹೊಡೆಯುತ್ತಿದ್ದಳು. ಎರಡೂ ನಿಜ. ದನಿ ಅವಳದು, ಅದನ್ನು ಹಿಡಿದಿಟ್ಟುಕೊಂಡು, ಆ ದಿನಕ್ಕೆ ಬೇಕಾದ ಮಾತನ್ನು ಜೋಡಿಸಿ ಮನೆಮನೆಗೆ ಮುಟ್ಟಿಸುವ ಕೆಲಸ ಯಂತ್ರದ್ದು.

“ಶರಣ್ರೀ. ನಿಮ್ಮ ಹೊಲ ಇವತ್ತ ಹಸಿರೈತಿ. ನಿಶ್ಚಿಂತಿಯಿಂದ ಕೆಲಸಕ್ಕ ಹೋಗ್ರಿ.”

ಇಷ್ಟೇ. ಈ ಎರಡು ಮೂರು ಮಾತಿನ ಹಿಂದೆ ಇಪ್ಪತ್ತು ವರ್ಷದ ದುಡಿಮೆಯಿತ್ತು ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಹೊಲವೇ ಬಾಯಿಬಿಟ್ಟು “ನನ್ನ ಮೈಮೇಲೆ ವಿಷ ಇದೆ, ಇವತ್ತು ಒಳಗೆ ಬರಬೇಡ” ಎಂದು ಹೇಳುವಂತಾದರೆ ಹೇಗಿರುತ್ತದೆ ಎಂದು ಡಾಕ್ಟರ್ ವೆಂಕಣ್ಣ ಇನಾಮದಾರರು ಮೊದಲ ಸಲ ಕೇಳಿದಾಗಲೂ ಸಭೆಯಲ್ಲಿದ್ದ ದೊಡ್ಡವರೆಲ್ಲ ನಕ್ಕಿದ್ದರು. ಇನಾಮದಾರರು ರಸಾಯನಶಾಸ್ತ್ರದವರು, ಹಟಮಾರಿ ಮನುಷ್ಯ. ಎಳ್ಳುಕಾಳಿನಷ್ಟು ಒಂದು ವಸ್ತು ಮಾಡಿ, ಅದಕ್ಕೆ ‘ಎಲೆಗಣ್ಣು’ ಎಂದು ಹೆಸರಿಟ್ಟು, ಮೆಣಸಿನ ಗಿಡದ ಎಲೆಯ ಕೆಳಗೆ ಅಂಟಿಸಿಯೇ ಬಿಟ್ಟರು.

ಅದರೊಳಗಿನ ಗುಟ್ಟು ಬಹಳ ಸರಳ. ನಮ್ಮ ನರಗಳಲ್ಲಿ ಒಂದು ಕಿಣ್ವವಿದೆ. ಕೀಟನಾಶಕ ಮೈಗೆ ಹೊಕ್ಕರೆ ಮೊದಲು ಕಟ್ಟಿಹಾಕುವುದು ಅದನ್ನೇ. ಅದೇ ಕಿಣ್ವದ ಒಂದು ತೊಟ್ಟು ಎಲೆಗಣ್ಣಿನೊಳಗೂ ಇತ್ತು. ಗಿಡದ ರಸದ ಸಕ್ಕರೆಯಿಂದ ಅದು ತನ್ನ ಹೊಟ್ಟೆ ಹೊರೆದುಕೊಳ್ಳುತ್ತಿತ್ತು. ಕಿಣ್ವ ಚುರುಕಾಗಿದ್ದರೆ ಹೊಲ ಹಸಿರು, ಮಂದವಾದರೆ ಹಳದಿ, ನಿಂತೇಹೋದರೆ ಕೆಂಪು. ಎಲೆ ಅಲುಗಿದರೂ ಅದಕ್ಕೆ ತಿಳಿಯುತ್ತಿತ್ತು. ಹೊಲದ ಬದುವಿನ ಕಂಬವೊಂದು ಈ ಸುದ್ದಿಯನ್ನೆಲ್ಲ ಒಟ್ಟುಮಾಡಿ ಧಾರವಾಡದ ‘ಹೊಲದನಿ ಕೇಂದ್ರ’ಕ್ಕೆ ಕಳಿಸುತ್ತಿತ್ತು. ಕೇಂದ್ರದಿಂದ ಸಂದೇಶ ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಫೋನಿಗೆ ಹೋಗುತ್ತಿತ್ತು.

ಈ ಸುದ್ದಿಗೆ ಮಾತು ಕೊಟ್ಟವಳು ರತ್ನಮಾಲಾ. ಅವಳ ಹುದ್ದೆಯ ಹೆಸರು ವಿಜ್ಞಾನ ಸಂವಹನಾಧಿಕಾರಿ. ಅವಳ ತಾಯಿ ಬಸಲಿಂಗವ್ವನ ಬಾಯಲ್ಲಿ ಅದು “ಡಂಗುರ ಸಾರೋ ಕೆಲಸ”. ಹಾಗೆ ನೋಡಿದರೆ ಮಗಳನ್ನು ಈ ಡಂಗುರಕ್ಕೆ ಹಚ್ಚಿದವಳು ಆ ಮುದುಕಿಯೇ. ರತ್ನಮಾಲಾ ಓದುವಾಗ ಮೆಣಸಿನಕಾಯಿಯ ಮೇಲೆ ಉಳಿಯುವ ಕೀಟನಾಶಕದ ಬಗ್ಗೆ ಇನ್ನೂರು ಪುಟದ ಪ್ರಬಂಧ ಬರೆದು, ಬೈಂಡು ಹಾಕಿಸಿ, ತಂದು ಅವ್ವನ ಕೈಗಿಟ್ಟಿದ್ದಳು. ಹುಟ್ಟಿದಾರಭ್ಯ ಮೆಣಸಿನಕಾಯಿ ಬಿಡಿಸಿದ ಕೈ ಅದು. ಬಸಲಿಂಗವ್ವ ಪುಟ ತಿರುವಿ, “ಭಾಳ ಚಲೋ ಐತಿ ಬೇ. ಇದರಾಗ ನನಗ ತಿಳಿಯೂದು ಏನೈತಿ, ಒಂದ ಮಾತಿನಾಗ ಹೇಳು” ಎಂದಳು. ರತ್ನಮಾಲಾಗೆ ಹೇಳಲು ಬರಲಿಲ್ಲ. ಇನ್ನೂರು ಪುಟ ಬರೆದವಳಿಗೆ ಒಂದು ಮಾತು ಹೇಳಲು ಬರಲಿಲ್ಲ!

ಆ ನಾಚಿಕೆಯಲ್ಲಿಯೇ ಅವಳು ಪ್ರಯೋಗಾಲಯ ಬಿಟ್ಟು ಊರೂರು ಹೊಕ್ಕಳು. ರೇಡಿಯೋದಲ್ಲಿ ಮಾತಾಡಿದಳು, ಸಂತೆಯಲ್ಲಿ ನಾಟಕ ಆಡಿಸಿದಳು. ಆ ಸೀಮೆಯಲ್ಲಿ ಕೀಟನಾಶಕಕ್ಕೆ ‘ಎಣ್ಣೆ’ ಎನ್ನುವುದೇ ರೂಢಿ. “ಎಣ್ಣಿ ಹೊಡದ ಹೊಲ ಆಗ ಈದ ಎಮ್ಮಿ ಇದ್ದಂಗ. ವಾರದತನಕ ಹತ್ರ ಹೋದ್ರ ಒದೀತೈತಿ” ಎಂದು ಅವಳು ಹೇಳಿದರೆ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದರು. ನಕ್ಕವರು ಮರೆಯುವುದಿಲ್ಲ ಎನ್ನುವುದು ಅವಳ ಅನುಭವ. ಇನಾಮದಾರರು ಎಲೆಗಣ್ಣಿಗೆ ದನಿ ಹುಡುಕುವಾಗ ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ.

ಮೂರು ಸುಗ್ಗಿ ಎಲ್ಲವೂ ಸುಸೂತ್ರ ನಡೆಯಿತು. ಎಣ್ಣೆ ತಾಗಿ ಆಸ್ಪತ್ರೆ ಸೇರುವವರು ಅರ್ಧಕ್ಕಿಂತ ಕಡಿಮೆಯಾದರು. ಇನ್ನರ್ಧ ಯಾಕೆ ಕಡಿಮೆಯಾಗಲಿಲ್ಲ ಎಂದು ಯಾರೂ ಕೇಳಲಿಲ್ಲ. ಯಾರಾದರೂ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೊದಲ ಸೋಮವಾರ ಮಧ್ಯಾಹ್ನ ಕೇಂದ್ರಕ್ಕೆ ಫೋನು ಬಂತು. ಬ್ಯಾಡಗಿಯ ಆಚೆಗಿನ ಕಾಡಗುಬ್ಬಿ ಎಂಬ ಹಳ್ಳಿಯಿಂದ, ಅಲ್ಲಿನ ಆಶಾ ಕಾರ್ಯಕರ್ತೆ ಮುಮ್ತಾಜಳದು.

“ಅಕ್ಕಾರ, ಹನ್ನೊಂದ ಮಂದಿ ಕಾಯಿ ಬಿಡಸಾಕ ಹೋಗಿದ್ರು. ಆರ ಮಂದಿ ಬಿದ್ದಾರ್ರಿ. ಬಾಯಾಗ ನೊರಿ, ವಾಂತಿ, ಕಣ್ಣಿನ ಪಾಪಿ ಸಾಸಿವಿಕಾಳಿನಷ್ಟ ಆಗ್ಯಾವು. ಬಿದ್ದವರಾಗ ಐದ ಮಂದಿ ಮಾತಾಡಾಕತ್ಯಾರ. ನೀಲವ್ವ ಮಾತಾಡವಲ್ಲಳು.”

ಅಂಬ್ಯುಲೆನ್ಸ್ ಹೊರಟಿತ್ತು. ಮುಮ್ತಾಜ್ ಬಿದ್ದವರ ಸೀರೆ ಬಿಚ್ಚಿಸಿ ಸೋಪು ಹಚ್ಚಿ ಮೈ ತೊಳೆದಿದ್ದಳು. ಅದೂ ರತ್ನಮಾಲಾ ಹಿಂದೊಮ್ಮೆ ಹೇಳಿಕೊಟ್ಟದ್ದೇ. ಫೋನು ಇಟ್ಟ ರತ್ನಮಾಲಾ ಸೀದಾ ದೊಡ್ಡ ಪರದೆಯ ಮುಂದೆ ಹೋಗಿ ನಿಂತಳು. ಇನಾಮದಾರರು ಆಗಲೇ ಕಾಡಗುಬ್ಬಿಯ ನಕಾಶೆ ತೆರೆದಿದ್ದರು.

“ಯಾರ ಹೊಲ?” ಎಂದಳು.

“ವಿರುಪಾಕ್ಷಪ್ಪ ಅರಳಿ ಅಂತ. ನೋಡ್ರಿ, ಕೆಂಪು. ಶನಿವಾರ ಹೊಡದಾರ. ಇವತ್ತ ಮುಂಜಾನೆ ಐದೂವರಿಗೆ ಸಂದೇಶ ಹೋಗೇದ. ಅಂವ ಪೂರಾ ಕೇಳ್ಯಾನ.” ಇನಾಮದಾರರ ದನಿಯಲ್ಲಿ ಹೋದ ಜೀವ ಬಂದಂತಿತ್ತು. “ನಮ್ಮದೇನೂ ತಪ್ಪಿಲ್ಲ, ರತ್ನಮಾಲಾ.”

ವಿರುಪಾಕ್ಷಪ್ಪನನ್ನು ಫೋನಿನಲ್ಲಿ ಹಿಡಿದದ್ದಾಯಿತು. ಪಾಪ, ಅವನು ಮೋಟಾರು ರಿಪೇರಿ ಮಾಡಿಸಲು ಹುಬ್ಬಳ್ಳಿಗೆ ಹೊರಟವನು. ಬೆಳಗಿನ ಮೊದಲ ಬಸ್ಸಿನಲ್ಲಿ ಕೂತು ಕಿವಿಗೆ ಫೋನು ಹಿಡಿದು ಸಂದೇಶ ಕೇಳಿದ್ದ. “ಇವತ್ತ ಹೊಲಕ್ಕ ಕಾಲ ಇಡಬ್ಯಾಡ್ರಿ ಅಂದ್ರಿ. ನಾ ಎಲ್ಲಿ ಇಟ್ಟೇನ್ರಿ? ನಾ ಹುಬ್ಬಳ್ಳ್ಯಾಗ ಅದೇನಿ” ಎಂದ. ಹೆಂಡತಿ ಬಸವ್ವನಿಗೆ ಹೇಳಲಿಲ್ಲವೇ ಎಂದರೆ, “ಆಕಿ ಕೇಳಲಿಲ್ರಿ” ಎಂದು ಮಗುವಿನಂತೆ ಅಳಲು ಶುರುಮಾಡಿದ. ಬಿದ್ದ ಆರು ಮಂದಿಯಲ್ಲಿ ಬಸವ್ವಳೂ ಇದ್ದಳು.

ಆದರೆ ಉಳಿದ ಹತ್ತು ಮಂದಿ? ಅವರ ಮನೆಗಳಿಗೆ ಹೋದ ಸಂದೇಶಗಳನ್ನು ರತ್ನಮಾಲಾ ಒಂದೊಂದಾಗಿ ತೆರೆದು ನೋಡಿದಳು. ಹಸಿರು, ಹಸಿರು, ಹಸಿರು. ಎಲ್ಲವೂ ಹಸಿರು. ಎಲ್ಲರ ಮನೆಯಲ್ಲೂ ಅವಳ ದನಿ “ನಿಶ್ಚಿಂತಿಯಿಂದ ಕೆಲಸಕ್ಕ ಹೋಗ್ರಿ” ಎಂದಿತ್ತು. ಹತ್ತೂ ಮಂದಿ ನಿಶ್ಚಿಂತೆಯಿಂದ ಹೊರಟು ಕೆಂಪಾದ ಹೊಲಕ್ಕೆ ಹೋಗಿದ್ದರು.

“ಅವರ ಹೊಲ ಬಿಟ್ಟು ಇವರ ಹೊಲಕ್ಕ ಯಾಕ ಹೋದ್ರು?” ಎಂದು ಇನಾಮದಾರರು ಹಣೆ ಉಜ್ಜಿಕೊಂಡರು. ಎಲ್ಲೋ ಏನೋ ತಪ್ಪಿದೆ ಎಂದು ರತ್ನಮಾಲಾಗೂ ಅನ್ನಿಸುತ್ತಿತ್ತು, ಅದು ಏನೆಂದು ಮಾತ್ರ ಹೊಳೆಯಲಿಲ್ಲ.

ಸಂಜೆ ಮನೆಗೆ ಬಂದಾಗ ಬಸಲಿಂಗವ್ವ ಪಡಸಾಲೆಯಲ್ಲಿ ಕಾಲು ಚಾಚಿ ಮೆಂತೆಸೊಪ್ಪು ಸೋಸುತ್ತಿದ್ದಳು. ಮಗಳ ಮುಖ ನೋಡಿ, “ಏನಾತ ಬೇ?” ಎಂದಳು. ರತ್ನಮಾಲಾ ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕೊನೆಗೆ, “ತಮ್ಮ ಹೊಲ ಹಸಿರಿತ್ತು. ಅದನ್ನ ಬಿಟ್ಟು ಬಸವ್ವನ ಹೊಲಕ್ಕ ಹೋಗಿ ಬಿದ್ದಾರ ನೋಡು” ಎಂದಳು.

ಬಸಲಿಂಗವ್ವನ ಕೈ ನಿಂತಿತು.

“ಮತ್ತ ಎಲ್ಲಿಗೆ ಹೋಗಬೇಕಿತ್ತು? ಇವತ್ತಿನ ಮುಯ್ಯಾಳ ಪಾಳಿ ಬಸವ್ವಂದ ಇರಬೇಕಲ್ಲ?”

ರತ್ನಮಾಲಾ ಅವ್ವನ ಮುಖವನ್ನೇ ನೋಡಿದಳು.

“ಕಾಯಿ ಬಿಡಸೂದು ಒಬ್ಬಾಕಿ ಕೈಲಿ ಆಗೂ ಕೆಲಸೇನ? ಇವತ್ತ ನಿನ್ನ ಹೊಲದಾಗ ಹತ್ತು ಮಂದಿ, ನಾಳೆ ನನ್ನ ಹೊಲದಾಗ ಹತ್ತು ಮಂದಿ. ನೀ ಬಂದ್ರ ನಾ ಬರ್ತೇನಿ. ಅದಕ್ಕ ಮುಯ್ಯಾಳು ಅಂತಾರ. ನಾ ಐವತ್ತ ವರ್ಷ ದುಡದೇನಿ, ನನ್ನ ಹೊಲದಾಗ ದುಡದದ್ದು ವರ್ಷಕ್ಕ ನಾಕ ದಿನ. ಉಳದದ್ದೆಲ್ಲಾ ಮಂದಿ ಹೊಲ.” ಮುದುಕಿಯ ದನಿ ಏರಿತು. “ನಿನ್ನ ಜೋಳಿಗಿ ಕಟ್ಟಿ ತೂಗಿದ್ದ ಬೇವಿನ ಗಿಡಾನೂ ನಮ್ಮ ಹೊಲದ್ದಲ್ಲ ರತ್ನಾ! ನಿನಗ ಗೊತ್ತಿಲ್ಲದ್ದೇನು?”

ಗೊತ್ತಿತ್ತು. ಅದೇ ತಾನೇ ನೋವು! ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ಇನಾಮದಾರರು ದೊಡ್ಡ ಮನೆತನದವರು. ಅವರ ಮನೆಯ ಹೆಂಗಸರು ಕಾಯಿ ಬಿಡಿಸಲು ಬದು ದಾಟಿದವರಲ್ಲ. ಯಂತ್ರಕ್ಕಂತೂ ಪಹಣಿ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಹೊಲ ಯಾರ ಹೆಸರಿನಲ್ಲಿದೆ ಎಂದು ಎಲ್ಲರೂ ಕೇಳಿದರು. ಆ ಹೊಲದಲ್ಲಿ ಕೈ ಆಡಿಸುವವರು ಯಾರು ಎಂದು ಕೇಳಬೇಕಾದವಳು ರತ್ನಮಾಲಾ ಒಬ್ಬಳೇ, ಅವಳೂ ಕೇಳಿರಲಿಲ್ಲ. ಓದಿ ಶಾಣ್ಯಾಳಾಗುವ ಭರದಲ್ಲಿ ಅವ್ವನ ಬದುಕೇ ಕಣ್ಣಿಗೆ ಬೀಳದಂತಾಗಿತ್ತು. ಅವಳು ಹೊಸ್ತಿಲ ಮೇಲೆ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಬಸಲಿಂಗವ್ವ ಸಮಾಧಾನ ಮಾಡಲಿಲ್ಲ. ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಮಗಳ ಕಾಲಿನಿಂದ ಚಪ್ಪಲಿ ಬಿಚ್ಚಿದಳು.

ಮಂಗಳವಾರವೆಲ್ಲ ಸಭೆ. ಮೇಲಿನವರು ಬಂದರು, ಕಾಫಿ ಕುಡಿದರು, ಹೋದರು. ಬುಧವಾರ ಬೆಳಿಗ್ಗೆ ಇನಾಮದಾರರು ರತ್ನಮಾಲಾಳನ್ನು ಕರೆದು ಒಂದು ಹಾಳೆ ಮುಂದಿಟ್ಟರು. ಅದರಲ್ಲಿ ಹೀಗಿತ್ತು: ಸಂದೇಶ ಸಕಾಲಕ್ಕೆ ಸರಿಯಾಗಿಯೇ ತಲುಪಿದೆ, ಬಳಕೆದಾರರು ಅದನ್ನು ಪಾಲಿಸದ ಕಾರಣ ಅನಾಹುತವಾಗಿದೆ, ಇನ್ನು ಮುಂದೆ ಎಲ್ಲರೂ ಎಚ್ಚರಿಕೆಯಿಂದಿರಬೇಕು.

“ಹೊಲದ ಸುದ್ದಿ ಅಲ್ಲ, ಯಂತ್ರಕ್ಕ ಜೋಡಸಾಕ ಬರೂದಿಲ್ಲ; ಇದನ್ನ ನೀವ ಓದಿ ರೆಕಾರ್ಡ್ ಮಾಡಬೇಕಂತ. ನಾಳೆ ಮುಂಜಾನೆ ನಾನೂರೂ ಊರಿಗೆ ಹೋಗಬೇಕು.”

“ಸರ್, ಇದು ಸುಳ್ಳು.”

“ಸುಳ್ಳಲ್ಲ. ಪೂರಾ ಖರೇನೂ ಅಲ್ಲ.” ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡು ದಿನದಿಂದ ಗಡ್ಡ ಮಾಡಿಕೊಂಡಿರಲಿಲ್ಲ. “ತಪ್ಪು ನಮ್ಮದು ಅಂತ ಒಪ್ಪಿಕೊಂಡ್ರ ಯೋಜನಾನೇ ನಿಲ್ಲಸ್ತೀವಿ ಅಂತಾರ. ನಿಂತ್ರ ನಾನೂರ ಊರಾಗ ನಾಳಿಂದ ಯಾವ ದನೀನೂ ಇರೂದಿಲ್ಲ. ಆವಾಗ ಎಷ್ಟ ಮಂದಿ ಬೀಳ್ತಾರ ಹೇಳ್ರಿ? ನನಗೇನು ಹೊಟ್ಟಿ ಉರಿಯೂದಿಲ್ಲಂತ ತಿಳದೀರೇನು?”

ರತ್ನಮಾಲಾಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಗಿತ್ತು ಅವರ ಪಾಡು. ಹಾಳೆ ಹಿಡಿದುಕೊಂಡು ಅವಳು ಪರದೆಯ ಕಡೆ ತಿರುಗಿದಳು. ಕಾಡಗುಬ್ಬಿ ಇನ್ನೂ ತೆರೆದೇ ಇತ್ತು. ಅಲ್ಲಿ ಇನ್ನೊಂದು ಹೊಲ ಕೆಂಪಾಗಿತ್ತು.

“ಇದು ಯಾರದು?”

“ಫಕ್ಕೀರವ್ವ ಅಂತ. ಸೋಮವಾರ ಮುಂಜಾನೆ ಹೊಡದಾರ, ಈ ಕಡೆ ಆ ಹೆಣ್ಮಕ್ಕಳು ಬೀಳೂ ಹೊತ್ತಿನ್ಯಾಗ. ವಿರುಪಾಕ್ಷಪ್ಪನ ಹೊಲಕ್ಕಿಂತ ಇಲ್ಲಿ ಜೋರ ಅದ. ಮೋಡ ಕಟ್ಟೇದಲ್ಲ, ನುಸಿ ಬೀಳ್ತದಂತ ಎರಡ ಔಷಧ ಕೂಡಿಸಿ ಹೊಡದಾರ.” ಇನಾಮದಾರರು ಸಂದೇಶದ ಪಟ್ಟಿ ತೆರೆದು ತೋರಿಸಿದರು. “ಆಕಿ ಫೋನಿಗೆ ಸಂದೇಶ ಹೋಗವಲ್ದು. ಹನ್ನೊಂದೂ ಮಂದಿ ಮನ್ಯಾಗ ನಮ್ಮ ನಂಬರ್ ಬಂದ್ ಮಾಡ್ಯಾರ.”

ರತ್ನಮಾಲಾ ಮುಮ್ತಾಜಳಿಗೆ ಫೋನು ಮಾಡಿದಳು. ಫಕ್ಕೀರವ್ವ ಮುಯ್ಯಾಳಿನ ಗುಂಪಿಗೆ ಹಿರಿಯಳು. ನೀಲವ್ವ ಅವಳ ಸೊಸೆ. ನೀಲವ್ವನಿಗೆ ಸೋಮವಾರದಿಂದ ತಾಸಿಗೊಮ್ಮೆ ಚುಚ್ಚುಮದ್ದು ನಡೆದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ಫಕ್ಕೀರವ್ವನ ಮಗ ಆಸ್ಪತ್ರೆಯಲ್ಲಿ ಹೆಂಡತಿಯ ಹತ್ತಿರ ಇದ್ದ. “ನಾಳೆ ಪಾಳಿ ಅವರದ ಹೊಲಾರಿ ಅಕ್ಕಾರ. ಶುಕ್ರವಾರ ಮಳಿ ಅಂತ ಸುದ್ದಿ. ಹಣ್ಣಾದ ಕಾಯಿ ತೊಯ್ದ್ರ ಕರ್ರಗಾಗ್ತಾವಲ್ರಿ, ಅದಕ್ಕ ಆರಾಮ ಇದ್ದ ಐದ ಮಂದಿ ಕೂಡಿ ಬಿಡಸ್ತಾರಂತ. ನಾ ಹೋಗಬ್ಯಾಡ್ರಿ ಅಂದೆ. ‘ಆ ಸುಳ್ಳ ಬುರುಕ ಫೋನ್ ಪೆಟ್ಟಿಗಿ ಮಾತ ಹೇಳಬ್ಯಾಡ’ ಅಂತ ಮಾರಿಮ್ಯಾಲ ಬಾಗಲಾ ಹಾಕಿದ್ರು.”

ಫೋನು ಇಟ್ಟು ರತ್ನಮಾಲಾ ಹಾಳೆಯನ್ನು ಇನಾಮದಾರರ ಮೇಜಿನ ಮೇಲೆ ತಿರುವಿ ಇಟ್ಟಳು.

“ಇದನ್ನ ಕೇಳಿದ್ರ ಅವರು ನಾಳೆ ಬೇಕಂತಲೇ ಹೊಲಕ್ಕ ಹೋಗ್ತಾರ. ನಾನು ಇದನ್ನ ಓದೂದಿಲ್ಲ ಸರ್. ನಾ ಕಾಡಗುಬ್ಬಿಗೆ ಹೊಂಟೆ.”

“ರಜಾ ಬರದು ಕೊಡ್ರಿ,” ಎಂದರು ಇನಾಮದಾರರು. ಆಮೇಲೆ, ಅವಳು ಬಾಗಿಲು ದಾಟುವಾಗ, “ಬ್ಯಾಡ, ಹೋಗ್ರಿ. ಬಸ್ ತಪ್ಪೀತು” ಎಂದರು.

ಕಾಡಗುಬ್ಬಿ ಮುಟ್ಟುವಷ್ಟರಲ್ಲಿ ಇಳಿಹೊತ್ತು. ಊರ ಹೊರಗಿನ ಕಣದಲ್ಲಿ ಒಣ ಮೆಣಸಿನಕಾಯಿ ಹರವಿತ್ತು. ಘಾಟು ಮೂಗಿಗೆ ಅಡರಿ ರತ್ನಮಾಲಾ ಮೂರು ಸಲ ಸೀನಿದಳು. ಐದು ಮಂದಿ ಹೆಂಗಸರು ಕೂತು ತೊಟ್ಟು ಮುರಿಯುತ್ತಿದ್ದರು. ನಡುವೆ ಕೂತವಳು ಎಲುಬು ಹಂದರದ ಎತ್ತರದ ಹೆಣ್ಣು, ಅರವತ್ತು ದಾಟಿರಬೇಕು. ಯಾರೂ ತಲೆಯೆತ್ತಲಿಲ್ಲ. ಪಟ್ಟಣದ ಸೀರೆಯವರು ಬಂದು ಹೋಗುವುದು ಅವರಿಗೆ ಹೊಸದಲ್ಲ.

“ಶರಣ್ರೀ ಯವ್ವಾ,” ಎಂದಳು ರತ್ನಮಾಲಾ.

ಐದೂ ತಲೆ ಒಮ್ಮೆಗೇ ಮೇಲೆದ್ದವು. ಒಬ್ಬಳು ಮಡಿಲಲ್ಲಿದ್ದ ಕಾಯಿಯನ್ನು ಚೆಲ್ಲಿಕೊಂಡು ಎದ್ದೇ ನಿಂತಳು. “ಯವ್ವಾ, ಆಕೀನ! ಪೆಟ್ಟಿಗ್ಯಾಗಿನಾಕಿ!”

ಇನ್ನೊಬ್ಬಳ ಬಾಯಿಗೆ ತಡೆಯೇ ಇರಲಿಲ್ಲ. “ನಿಶ್ಚಿಂತಿಯಿಂದ ಹೋಗ್ರಿ ಅಂದಾಕಿ ನೀನ ಹೌದಲ್ಲೋ? ಹೋದ್ವಿ ನೋಡವ್ವಾ. ಆರ ಮಂದಿ ನಿಶ್ಚಿಂತಿಯಿಂದ ದವಾಖಾನ್ಯಾಗ ಮಲಗ್ಯಾರ. ಹೋಗಿ ನೋಡಿ ಬಾ!”

ಎತ್ತರದ ಹೆಣ್ಣು ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದಳು. ಅವಳೇ ಫಕ್ಕೀರವ್ವ.

“ನಮ್ಮ ನೀಲವ್ವ ದಿನಾ ಮುಂಜಾನೆ ನಿನ್ನ ದನಿಗೆ ‘ಹೂಂ ಅಕ್ಕಾ’ ಅಂತಿದ್ಲು,” ಎಂದಳು. ಜೋರಾಗಿ ಹೇಳಲಿಲ್ಲ, ಅದೇ ಕಷ್ಟವಾಯಿತು. “ಅದು ಯಂತ್ರ ಐತಿ, ಅದಕ್ಕೇನ ಹೂಂ ಅಂತಿ ಅಂದ್ರ, ಇರಲಿ ಬಿಡ್ರಿ ಅತ್ತಿ, ಅಷ್ಟ ಚಂದ ಹೇಳ್ತಾಳ ಅಂತಿದ್ಲು. ಸೋಮವಾರನೂ ಅಂದ ಹೋಗ್ಯಾಳ.”

ರತ್ನಮಾಲಾಗೆ ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಇಪ್ಪತ್ತು ವರ್ಷ ಮಾತನ್ನೇ ಉಂಡು ಬದುಕಿದವಳು ಕಣದ ಅಂಚಿನಲ್ಲಿ ನೆಲದ ಮೇಲೆ ಕೂತುಬಿಟ್ಟಳು.

“ತಪ್ಪ ನನ್ನದು,” ಎಂದಳು. “ನಮ್ಮವ್ವನೂ ಮುಯ್ಯಾಳಿಗೆ ಹೋಗಾಕೀನ. ನಾ ಬದುವಿನ ಮ್ಯಾಲ ಬೆಳದಾಕಿ. ಆದ್ರ ಹೊಲದ ಸುದ್ದಿ ಹೊಲದ ಮಾಲಕಗ ಹೇಳಿದ್ರ ಸಾಕು ಅಂತ ಮಾಡಿದ್ವಿ. ಅವತ್ತ ಯಾರ ಹೊಲಕ್ಕ ಯಾರ ಹೋಗ್ತೀರಿ ಅಂತ ನಿಮ್ಮನ್ನ ಕೇಳಲಿಲ್ಲ. ಯಂತ್ರಕ್ಕ ಗೊತ್ತಿರಲಿಲ್ಲ. ನನಗ ಗೊತ್ತಿತ್ತು, ಮರತೆ. ನೀವು ಹೇಳಿದ್ದ ಕೇಳಲಿಲ್ಲ ಅಂತ ನಾಳೆ ಯಾರರ ಅಂದ್ರ ನಂಬಬ್ಯಾಡ್ರಿ. ನೀವು ಕೇಳೀರಿ. ನನ್ನ ಮಾತ ಕೇಳೇ ಹೋಗಿ ಬಿದ್ದೀರಿ.”

ಬೈಯಲು ಸಿದ್ಧವಾಗಿದ್ದವರಿಗೆ ಬೈಗುಳ ಮುಗಿದುಹೋದಂತಾಗಿತ್ತು.

“ಯವ್ವಾ, ನಿಮ್ಮ ಹೊಲ ಕೆಂಪೈತಿ,” ಎಂದಳು ರತ್ನಮಾಲಾ, ಫಕ್ಕೀರವ್ವನ ಕಡೆ ನೋಡಿ. “ಬಸವ್ವನ ಹೊಲಕ್ಕಿಂತ ಹೆಚ್ಚೈತಿ. ಹಸಿರ ಆಗೂತನಕ ಕಾಲಿಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ.”

“ಇವತ್ತರ ಖರೇ ಹೇಳ್ತಿ ಅಂತ ಹೆಂಗ ನಂಬಬೇಕು?”

“ಹೆಂಗ ನಂಬಸಬೇಕು ನನಗ ಗೊತ್ತಿಲ್ರಿ.”

ಫಕ್ಕೀರವ್ವ ಮೇಲೆ ನೋಡಿದಳು. ಪಡುವಣದಲ್ಲಿ ಮೋಡ ದಟ್ಟವಾಗಿತ್ತು. “ವರ್ಷದ ಬೆಳಿ ಐತಿ. ಇದು ತೊಯ್ದ್ರ ಮುಗೀತು. ನೀ ಬಂದ ಒಣಗಸ್ತೀ ಏನು?”

ಒಣಗಿಸುತ್ತೇನೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. ಫಕ್ಕೀರವ್ವ ಮತ್ತೆ ತೊಟ್ಟು ಮುರಿಯಲು ಶುರುಮಾಡಿದಳು. ತಲೆಯೆತ್ತದೆಯೇ, “ಹೋಗ ತಂಗಿ. ಕಡೀ ಬಸ್ಸಿನ ಹೊತ್ತಾತು” ಎಂದಳು. ಹೊರಡುವ ಮುಂಚೆ ರತ್ನಮಾಲಾ ತನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವಳ ಪಕ್ಕ ಇಟ್ಟು, ಹಾರದಂತೆ ಮೇಲೊಂದು ಹೆಂಟೆ ಇಟ್ಟು ಬಂದಳು.

ಗುರುವಾರ ಬೆಳಿಗ್ಗೆ ಆರಕ್ಕೆಲ್ಲ ಅವಳು ಕೇಂದ್ರದಲ್ಲಿದ್ದಳು. ಐದೂವರೆಗೆ ಆ ಹೇಳಿಕೆ ಯಾವ ಊರಿಗೂ ಹೋಗಿರಲಿಲ್ಲ. ಪರದೆಯ ಮುಂದೆ ಇನಾಮದಾರರು ಮೊದಲೇ ಬಂದು ಕೂತಿದ್ದರು; ಪಕ್ಕದ ಕುರ್ಚಿಯನ್ನು ಎಳೆದುಕೊಟ್ಟರು. ಫಕ್ಕೀರವ್ವನ ಹೊಲ ಇಡೀ ಪರದೆ ತುಂಬಿತ್ತು. ಒಂದೊಂದು ಎಲೆಗಣ್ಣಿಗೂ ಒಂದೊಂದು ಕೆಂಪು ಚುಕ್ಕೆ. ಕೈ ತಾಗಿ ಗಿಡ ಅಲುಗಿದರೆ ಚುಕ್ಕೆ ಮಿನುಗುತ್ತದೆ. ಕಾಯಿ ಬಿಡಿಸುವ ಹೆಂಗಸರು ಸಾಲು ಹಿಡಿದು ಹೋಗುವುದರಿಂದ ಚುಕ್ಕೆಗಳೂ ಸಾಲಾಗಿಯೇ ಮಿನುಗಬೇಕು.

ಆರೂವರೆ. ಒಂದೂ ಮಿನುಗಲಿಲ್ಲ. ಏಳು ಗಂಟೆ. ಬಿಡಿಸುವವರು ಹೊಲಕ್ಕೆ ಇಳಿಯುವ ಹೊತ್ತು. ರತ್ನಮಾಲಾ ಸೆರಗಿನ ತುದಿಯನ್ನು ಹಿಂಡುತ್ತ ಕೂತಳು. ಇನಾಮದಾರರು ತರಿಸಿದ ಚಹಾದ ಮೇಲೆ ಕೆನೆ ಕಟ್ಟಿತು.

ಏಳೂ ಹತ್ತಕ್ಕೆ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗಿತು. ಪಕ್ಕದಲ್ಲಿ ಇನ್ನೊಂದು. ಇನ್ನೂ ನಾಲ್ಕು.

“ಹೋದ್ರು,” ಎಂದಳು ರತ್ನಮಾಲಾ. ಕಣ್ಣು ಮುಚ್ಚಿಕೊಂಡಳು. “ಹೋದ್ರು ಸರ್. ಮುಮ್ತಾಜಗ ಫೋನ್ ಹಚ್ಚತೇನಿ, ಅಂಬ್ಯುಲೆನ್ಸ್...”

“ತಡೀರಿ, ತಡೀರಿ.” ಇನಾಮದಾರರು ಪರದೆಗೆ ಮೂಗು ತಾಗಿಸುವಷ್ಟು ಬಾಗಿದ್ದರು. “ಸಾಲ ಇಲ್ಲ ನೋಡ್ರಿ. ಹೆಂಗ ಬೇಕ ಹಂಗ ಅಲಗಾಕತ್ತಾವು. ಇಡೀ ಹೊಲ ಅಲಗಾಕತ್ತದ. ಇದು ಕೈ ಅಲ್ಲ ರತ್ನಮಾಲಾ. ಗಾಳಿ! ಮಳಿ ಗಾಳಿ ಇದು!”

ಶುಕ್ರವಾರ ಬರಬೇಕಾದ ಮಳೆ ಗುರುವಾರವೇ ಬಂದಿತ್ತು. ನೋಡನೋಡುತ್ತಿದ್ದಂತೆ ಇಡೀ ಪರದೆ ಪಟಪಟನೆ ಮಿನುಗಿತು, ಅರ್ಧ ತಾಸು ಬಿಡದೆ ಮಿನುಗಿತು. ಫಕ್ಕೀರವ್ವನ ವರ್ಷದ ಬೆಳೆ ಅವರಿಬ್ಬರ ಕಣ್ಣೆದುರೇ ತೊಯ್ದು ಹೋಗುತ್ತಿತ್ತು. ರತ್ನಮಾಲಾಗೆ ಜೀವ ಬಂದಂತಾಯಿತು, ಅದರ ಹಿಂದೆಯೇ ಜೀವ ಹಿಂಡಿದಂತೆಯೂ ಆಯಿತು. ಐದು ಮಂದಿ ಉಳಿದಿದ್ದರು. ಅದಕ್ಕೆ ಆ ಹೆಂಗಸು ಇಷ್ಟು ತೆತ್ತಿದ್ದಳು.

“ನಾನೂ ಕೇಳಬೇಕಿತ್ತು,” ಎಂದರು ಇನಾಮದಾರರು. “ಕಿಣ್ವ ಅಂತ ಇಪ್ಪತ್ತ ವರ್ಷ ಬಡಕೊಂಡೆ. ಹೊಲದಾಗ ಯಾರ ಇರ್ತಾರ ಅಂತ ಒಮ್ಮಿನೂ ಕೇಳಲಿಲ್ಲ. ಮ್ಯಾಲಿನವರಿಗೆ ಹಂಗಂತನ ಬರದು ಕಳಸ್ತೀನಿ. ಏನ ಬೇಕಾದ್ದು ಮಾಡಿಕೊಳ್ಳಲಿ.”

ಒಂಬತ್ತು ಗಂಟೆಗೆ ರತ್ನಮಾಲಾಳ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ನಾನು, ಕಾಡಗುಬ್ಬಿ ಫಕ್ಕೀರವ್ವ.” ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದಿತ್ತು. “ನಾವು ಹೋಗಲಿಲ್ಲ.”

“ಗೊತ್ತಾತ್ರಿ ಯವ್ವಾ. ಕಾಯಿ...”

“ಹ್ವಾದ್ವು. ಅದನ್ನ ಕೇಳಬ್ಯಾಡ. ಬಿದ್ದವರಾಗ ಐದ ಮಂದಿ ಆರಾಮ ಆಗ್ಯಾರ. ನೀಲವ್ವ ನಸುಕಿನ್ಯಾಗ ಕಣ್ಣ ಬಿಟ್ಟಾಳಂತ. ಗಂಜಿ ಕುಡದಾಳ. ಕೈ ಭಾಳ ನಡಗ್ತಾವಂತ. ಈ ವರ್ಷ ಕೆಲಸ ಆಗೂದಿಲ್ಲ ಅಂದಾರ ಡಾಕ್ಟರು.”

ರತ್ನಮಾಲಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಅಳಾಕ ನಾ ಫೋನ್ ಮಾಡಿಲ್ಲ. ಪೆನ್ನ ತೊಗೊ. ಯಾರ ಹೊಲಕ್ಕ ಯಾರ ಅಂತ ಯಂತ್ರಕ್ಕ ಗೊತ್ತಿಲ್ಲಂದೆಲ್ಲ, ಬರಕೊ. ಸೋ‌ಮವಾರ ಬಸವ್ವಂದು, ಆಕಿ ಕಾಯಿ ಇನ್ನೂ ಅರ್ಧಾ ಉಳದಾವು, ಪೂರಾ ಹಣ್ಣಾಗಿದ್ದಿಲ್ಲಂತ ಮಳಿಗೆ ಕೆಟ್ಟಿಲ್ಲ. ಬುಧವಾರ ಲಲಿತವ್ವಂದು. ಅಲ್ಲಿಂದ ಒಂದಿನ ಬಿಟ್ಟ ಒಂದಿನ. ಪಾಳಿ ಬದಲಾದ್ರ ನಾನ ಹೇಳ್ತೇನಿ. ಆ ಸುದ್ದಿ ಹನ್ನೊಂದೂ ಮಂದಿ ಫೋನಿಗೆ ಬರಬೇಕು, ಗಂಡಸರ ಫೋನಿಗೆ ಅಲ್ಲ.”

ರತ್ನಮಾಲಾ ಬರೆದಳು. ಸಿಕ್ಕಿದ ಹಾಳೆಯ ಹಿಂದೆಯೇ ಬರೆದಳು. ಇನಾಮದಾರರು ಎದ್ದು ಬಂದು ಅವಳ ಹೆಗಲ ಮೇಲಿಂದ ನೋಡುತ್ತ ನಿಂತರು. ಫಕ್ಕೀರವ್ವ ಒಂದೊಂದೇ ಹೆಸರು, ಒಂದೊಂದೇ ನಂಬರು ನಿಧಾನವಾಗಿ ಹೇಳಿದಳು. ಹತ್ತು ಹೆಸರಾಯಿತು.

“ಹನ್ನೊಂದನೇದು ನೀಲವ್ವಂದು,” ಎಂದಳು ರತ್ನಮಾಲಾ, ಅಳು ನುಂಗಿಕೊಂಡು. “ಅದನ್ನ ಈ ವರ್ಷ ಬಿಡ್ಲೇನ್ರಿ?”

“ಬಿಡಾಕ ಹೆಂಗ ಬರ್ತೈತಿ? ಮುಯ್ಯಾಳಿನಾಗ ಒಬ್ಬಾಕಿ ಬಿದ್ಲು ಅಂದ್ರ ಆಕಿ ಬದಲಿ ಒಬ್ರು ಬರಾಕ ಬೇಕು. ಇಲ್ಲಂದ್ರ ನಮ್ಮ ಹೊಲಕ್ಕ ಯಾರ ಬರ್ತಾರ?” ಫಕ್ಕೀರವ್ವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ, ಪಾಳಿ ಹಚ್ಚುವ ಹಿರಿಯಳ ದನಿ ಅದು. “ಅಲ್ಲಿ ನಿನ್ನ ಹೆಸರ ಬರಕೊ.”

ರತ್ನಮಾಲಾಳ ಪೆನ್ನು ನಿಂತಿತು. ಸೋಮವಾರ ಬಸವ್ವನ ಹೊಲ. ಆರು ಮಂದಿ ಬಿದ್ದ ಹೊಲ.

“ಬರ್ತೇನ್ರಿ,” ಎಂದಳು.

“ಏಳಕ್ಕ ಸಾಲ ಹಿಡೀತೇವಿ. ತಡಾ ಮಾಡಿ ಬಂದ್ರ ಅರ್ಧಾ ಆಳಂತ ಹಿಡೀತೇನಿ ನೋಡು. ಮತ್ತ...” ಮಳೆಯ ಸದ್ದಿನಲ್ಲಿ ಅವಳ ಮಾತು ಒಂದು ಕ್ಷಣ ಕೇಳಲಿಲ್ಲ. “ಮತ್ತ, ಹೊಲ ಹಸಿರೈತೋ ಇಲ್ಲೋ, ಈ ಸಲ ಬರೋಬ್ಬರಿ ನೋಡ್ಕೊಂಡ ಬಾ. ನೀನೂ ನಮ್ಮ ಕೂಡ ಒಳಗ ಇಳಿಯಾಕಿ.”